ಕೆಂಪು ಶಾಯಿಯ ಬರೋಬರಿ

ಏಳನೇ ತರಗತಿಗೆ ಗಣಿತ, ವಿಜ್ಞಾನ ನನ್ನವು. ಸಮಾಜದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಭೂಪಟವೂ ನನ್ನ ಕುತ್ತಿಗೆಗೇ ಬಿತ್ತು. ಬೆಳಿಗ್ಗೆ ಸಮೀಕರಣ, ಆಮೇಲೆ ಅರಿಶಿನ ಬಳಿದ ಕಾಗದ ಸೋಪಿನ ನೀರಿಗೆ ಕೆಂಪಾಗುವುದನ್ನು ತೋರಿಸುವುದು, ಊಟದ ಹೊತ್ತಿಗೆ ಮೊಟ್ಟೆ ಹಂಚುವುದು, ಮಧ್ಯಾಹ್ನ ದಖ್ಖನ್ ಪ್ರಸ್ಥಭೂಮಿ. ಇದರ ನಡುವೆ ವಿಮಾನಪುರದ ಕಡೆಯಿಂದ ಒಂದು ವಿಮಾನ ಎದ್ದರೆ ಸದ್ದು ಅಡಗುವವರೆಗೂ ಬಾಯಿ ಮುಚ್ಚಿ ನಿಲ್ಲಬೇಕು. ನಿಜ ಹೇಳುತ್ತೇನೆ, ಆ ಒಂದೆರಡು ನಿಮಿಷಕ್ಕಾಗಿ ನಾನು ಕಾಯುತ್ತಿದ್ದೆ.

ಸಮ ಚಿಹ್ನೆ ಕಂಡರೆ ಸಾಕು, ಮಕ್ಕಳು ‘ಇನ್ನು ಉತ್ತರ ಬರಿ’ ಎಂದು ಯಾರೋ ಅಪ್ಪಣೆ ಕೊಟ್ಟಂತೆ ಏನೋ ಒಂದು ಬರೆದುಬಿಡುತ್ತಾರೆ. ಎರಡೂ ಕಡೆ ಒಂದೇ ತೂಕ ಇರಬೇಕು ಕಣ್ರೋ ಎಂದು ಬೋರ್ಡಿನ ಮೇಲೆ ತಕ್ಕಡಿ ಬರೆದು ಬರೆದು ನನ್ನ ಕೈ ಸೋತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಆ ವರ್ಷ ಯಾದಗಿರಿ ಕಡೆಯ ಹುಡುಗಿಯೊಬ್ಬಳು ಸೇರಿದಳು. ಅಪ್ಪ ಅಮ್ಮ ಇಬ್ಬರೂ ಸಿ.ವಿ. ರಾಮನ್ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು. ಅಲ್ಲೇ ಹತ್ತಿರ ಒಂದು ಬಾಡಿಗೆ ಕೋಣೆ. ಸಮ ಎಂದರೇನು ಎಂದು ನಾನು ಕೇಳಿದ ದಿನ ಅವಳು ಎದ್ದು ನಿಂತು, ಎರಡೂ ಕಡೆ ಬರೋಬರಿ ಇರಬೇಕು ಎಂದಳು. ಅದು ಉರ್ದು, ಮಿಸ್ ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಿವಾಜಿನಗರದಲ್ಲಿ ಬೆಳೆದವಳು ನಾನು. ‘ಬರಾಬರ್’ ಎಂಬ ಮಾತನ್ನು ಬಟ್ಟೆ ಅಂಗಡಿಯವರ, ಆಟೋದವರ ಉರ್ದುವಿನಲ್ಲಿ ಕೇಳಿಯೇ ದೊಡ್ಡವಳಾದವಳು. ಸಮ ಅನ್ನಬೇಕಮ್ಮ ಎಂದು ಅವಳನ್ನು ಕೂರಿಸಿದೆ. ಕೂತವಳು ಮತ್ತೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ದಸರಾ ರಜೆ ಮುಗಿದ ಮೊದಲ ಶನಿವಾರ ಅವಳ ತಾಯಿ ಬಂದರು. ಸೀರೆಯ ಮೇಲೆ ಸಿಮೆಂಟಿನ ಧೂಳು, ಸೊಂಟದಲ್ಲಿ ಸಣ್ಣ ಮಗು.

“ಇಕಿಗಿ ಓದು ತಲಿಗಿ ಹತ್ತವಲ್ದಂದ್ರ ಹೇಳಿಬಿಡ್ರಿ ಟೀಚರ್. ಸೋಮವಾರದಿಂದ ತಮ್ಮನ್ನ ನೋಡ್ಕೊಂಡು ಮನ್ಯಾಗ ಇರ್ತಾಳ.”

ಅವರ ಮಾತಿನಲ್ಲಿ ಕೋಪವಿರಲಿಲ್ಲ, ಬರೀ ದಣಿವು. ನನಗಿಂತ ಹೆಚ್ಚು ದಣಿದವರನ್ನು ಕಂಡರೆ ನನಗೆ ಸಿಡುಕು ಬರುತ್ತದೆ; ಕೆಟ್ಟ ಗುಣ, ಗೊತ್ತು. ನಿಮ್ಮ ಮಗಳು ಬಾಯೇ ಬಿಡೋದಿಲ್ಲ, ನಾನೇನು ಮಾಡಲಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿಬಿಟ್ಟಿದ್ದರೆ ಹುಡುಗಿಯ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಸಾಕ್ಷಿಗೆ ಇರಲಿ ಎಂದು ಮೊದಲು ಅವಳನ್ನೇ ಕರೆದು ಗಣಿತದ ನೋಟ್‌ಬುಕ್ ತರಿಸಿದೆ.

ಲೆಕ್ಕಗಳೆಲ್ಲ ಸರಿ ಇದ್ದವು. ನಾನೇ ರೈಟ್ ಹಾಕಿದ್ದೆ, ಪುಸ್ತಕ ಯಾರದೆಂದೂ ನೋಡದೆ. ಹಿಂದಕ್ಕೆ ತಿರುವುತ್ತಾ ಸಮೀಕರಣದ ಪುಟಕ್ಕೆ ಬಂದೆ. ಯಾವ ಸಂಖ್ಯೆಗೆ ಐದು ಕೂಡಿಸಿದರೆ ಹನ್ನೆರಡಾಗುತ್ತದೆ ಎಂಬ ಲೆಕ್ಕ. ಪಕ್ಕದಲ್ಲಿ ಕಾರಣ ಬರೆದಿದ್ದಳು: ಈ ಕಡೆ ಐದು ತೆಗೆದರೆ ಆ ಕಡೆಯೂ ಐದು ತೆಗೆಯಬೇಕು, ಇಲ್ಲದಿದ್ದರೆ ಬರೋಬರಿ ಉಳಿಯುವುದಿಲ್ಲ. ನಾನು ಇಷ್ಟು ವರ್ಷ ತಕ್ಕಡಿ ಬರೆದು ಹೇಳಲಾಗದ್ದು ಆ ಒಂದು ಸಾಲಿನಲ್ಲಿತ್ತು. ‘ಬರೋಬರಿ’ಯ ಮೇಲೆ ಕೆಂಪು ಗೀಟು. ಕೆಳಗೆ ನನ್ನದೇ ಕೈಬರಹ: ‘ಕನ್ನಡದಲ್ಲಿ ಬರೆ.’

ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳೇ ತುಂಬಿದ್ದ ಆ ತರಗತಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತೇ ಬಾರದವಳು ಅವಳೊಬ್ಬಳೇ. ‘ಬರೋಬರಿ’ ಅವಳ ಊರಿನ ಕನ್ನಡವೇ; ಸಮ ಎಂದರೂ ಅದೇ, ಸರಿ ಎಂದರೂ ಅದೇ.

ತಾಯಿಗೆ ಓದು ಬಾರದು. ಕೆಂಪು ಅಕ್ಷರದ ಮೇಲೆ ಬೆರಳಿಟ್ಟು, ಇದೇನು ಬರೆದಿದ್ದೀರಿ ಎಂದು ಕೇಳಿದರು. ನಾನು ಕಿಟಕಿಯ ಕಡೆ ನೋಡಿದೆ. ಹಾಳಾದ್ದು, ಆಗ ಒಂದು ವಿಮಾನವೂ ಹಾರಲಿಲ್ಲ. ಹುಡುಗಿ ಪುಟ ನೋಡಿದಳು, ನನ್ನ ಮುಖ ನೋಡಿದಳು. ಅಷ್ಟು ತಿಂಗಳಾದ ಮೇಲೆ ಅವಳ ದನಿ ಕೇಳಿದೆ.

“ಬರೋಬರಿ ಅದ ಅಂತ ಬರ್ದಾರವ್ವಾ.”

ತಾಯಿಯ ಮುಖ ಅರಳಿತು. ಹಂಗಾದ್ರ ಸಾಲಿಗಿ ಬರ್ತಾಳ ಬಿಡ್ರಿ ಎಂದು ಮಗುವನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು ಹೊರಟರು.

ಸೋಮವಾರ ಹಾಜರಿ ಕೂಗಿದಾಗ ಅವಳು ಎದ್ದು ನಿಂತಳು. ಅವಳ ಕಣ್ಣು ಎದುರಿಸಲಾರದೆ ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.