ಹೊಸ ಸೊಸೆಯ ಹೆಸರು ಯಾವ ಮನೆಯ ಕಾರ್ಡಿನಲ್ಲಿ?

ಆಂಧ್ರದ ಗಡಿಯೂರು ಹಾಲಹರವಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೀರಮ್ಮನ ಮನೆ ಮುಂದೆ ಮದುವೆ ಚಪ್ಪರ ಹಾಗೇ ಇದೆ. ಬಳ್ಳಾರಿ ಕಡೆಯಿಂದ ಸೊಸೆ ಹಾರಿಕಾ ಬಂದದ್ದು ನಿನ್ನೆ. ಇವತ್ತು ಆಗಲೇ ಆಶಾ ಕಾರ್ಯಕರ್ತೆ ಗಾದಿಲಿಂಗಮ್ಮ ಕಟ್ಟೆ ಮೇಲೆ ಕುಳಿತು ಆ ಹುಡುಗಿಯ ಆಧಾರ್ ಕೇಳುತ್ತಿದ್ದಾರೆ.

“ಪಿಲ್ಲ ಕೈಯಾನ ಗೋರಂಟಿ ಇನ್ನಾ ಕೆಂಪಗೈತಿ, ನೀ ಆಧಾರ್ ಅಂತಿ. ಮೊದ್ಲು ಒಗ್ಗಾಣಿ ತಿನ್ನು,” ಎನ್ನುತ್ತಾರೆ ಪೀರಮ್ಮ.

ಗಾದಿಲಿಂಗಮ್ಮ ಒಗ್ಗಾಣಿ ತಿನ್ನುತ್ತಾರೆ. ತಿಂದು ಮುಗಿಸಿದ ಮೇಲೂ ಏಳುವುದಿಲ್ಲ.

ಗಡಿಯ ಈ ಊರುಗಳಿಗೆ ಸೊಸೆಯಂದಿರು ಹೆಚ್ಚಾಗಿ ಕರ್ನಾಟಕದಿಂದಲೇ ಬರುತ್ತಾರೆ. ಹೆಸರು ಮಾತ್ರ ತವರಿನ ಆರೋಗ್ಯ ವಿಮೆಯ ಕಾರ್ಡಿನಲ್ಲೇ ಉಳಿಯುತ್ತದೆ. ಚೊಚ್ಚಲ ಹೆರಿಗೆ ಹೇಗೂ ತವರಿನಲ್ಲಿ, ಕಾರ್ಡು ಬೇಕಾಗುವುದೂ ಅಲ್ಲೇ ತಾನೆ ಎನ್ನುವುದು ಹಿರಿಯರ ಲೆಕ್ಕ. ಬಸುರು ಹೆರಿಗೆಯವರೆಗೆ ಹೋಗದಿದ್ದರೆ? ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮದುವೆ ಮನೆಯಲ್ಲಂತೂ ಇಲ್ಲವೇ ಇಲ್ಲ.

ಹೋದ ವರ್ಷ ಪಕ್ಕದ ಮನೆಯ ಲಾವಣ್ಯ ಬಸುರಿಯಾಗಿದ್ದಾಗ ಅದೇ ಆಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಕವಾಟ ಕೆಟ್ಟಿದೆ, ಬಸುರು ಮುಂದುವರಿದರೆ ತಾಯಿ ಉಳಿಯುವುದಿಲ್ಲ, ಹೃದಯದ ಡಾಕ್ಟರಿರುವ ಕಡೆ ತೆಗೆಸಬೇಕು ಎಂದರು ಆದೋನಿಯ ಡಾಕ್ಟರು. ಆ ದೊಡ್ಡಾಸ್ಪತ್ರೆಯಲ್ಲಿ ಸರ್ಕಾರದ ಆರೋಗ್ಯ ವಿಮೆ ಇತ್ತು, ಆದರೆ ಆಂಧ್ರದ ಕಾರ್ಡಿನಲ್ಲಿ ಹೆಸರಿದ್ದವರಿಗೆ ಮಾತ್ರ. ಅತ್ತೆಮನೆಯ ಕಾರ್ಡಿನಲ್ಲಿ ಲಾವಣ್ಯಳ ಹೆಸರಿರಲಿಲ್ಲ. ಗಾದಿಲಿಂಗಮ್ಮ ತೆಲುಗಿನಲ್ಲಿ ಬೇಡುತ್ತ ಆಸ್ಪತ್ರೆಯ ಕೌಂಟರುಗಳ ಒಂದೊಂದೇ ಕಿಟಕಿಗೆ ಓಡಿದರು. ಡಾಕ್ಟರು ತುರ್ತು ಎಂದು ಬರೆದುಕೊಟ್ಟ ಮೇಲೆಯೇ ವಿಮೆಯ ಒಪ್ಪಿಗೆ ಬಂದದ್ದು.

“ಅಲ್ಲೀತನ ಆಕಿಗೆ ಮಲಗಾಕ ಆಗ್ತಿದ್ದಿಲ್ರಿ. ಕುಂತಕಂಡೇ ಉಸುರು ತಗೀತಿದ್ಲು. ಒರಗಾಕ ಬೆನ್ನು ಕೊಟ್ಟು ಯಾರರ ಕುಂದ್ರಬೇಕಿತ್ತು. ನಾ ಕಿಟಕಿ ಮುಂದ ನಿಂತಿದ್ದೆ,” ಎನ್ನುತ್ತಾರೆ.

ಬಸುರು ತೆಗೆಸಲಿಕ್ಕೂ ಸರ್ಕಾರ ದುಡ್ಡು ಕೊಡಬೇಕಾ ಎಂದು ಊರಲ್ಲಿ ಚುಚ್ಚಿದವರೂ ಇದ್ದಾರೆ. ಅವರಿಗೆ ಗಾದಿಲಿಂಗಮ್ಮನ ಉತ್ತರ ಒಂದೇ: “ಹೆರಿಗಿಗೆ ಕೊಡಾದು ತಾಯಿ ಉಳೀಲಿ ಅಂತ ತಾನೆ? ಇದೂ ತಾಯಿ ಉಳಿಯಾಕೇ ರೀ.”

ಪೀರಮ್ಮ ಇನ್ನೂ ಒಪ್ಪಿಲ್ಲ. ಈಗಲೇ ತವರಿನ ಕಾರ್ಡಿನಿಂದ ಹೆಸರು ತೆಗೆಸಿದರೆ ಬೀಗರು ಏನಂದುಕೊಂಡಾರು ಎಂಬುದು ಅವರ ಅಳುಕು. ಅಷ್ಟರಲ್ಲಿ, ಆಗಿನಿಂದ ಎಲ್ಲರಿಗೂ ಚಹಾ ಕೊಡುತ್ತಿದ್ದ ಹೆಣ್ಣುಮಗಳು ಒಳಕೋಣೆಯ ಕಡೆ ತಿರುಗುತ್ತಾಳೆ. ಅವಳೇ ಲಾವಣ್ಯ.

“ಹಾರಿಕಾ, ತಂದು ಕೊಡವ್ವಾ. ತವರಿಗೆ ಹೋಗಾತನ ಏನೂ ಬೇಕಾಗಲ್ಲ ಅಂತ ನಾನೂ ಅಂದ್ಕಂಡಿದ್ದೆ.”

ಬಳೆ ಸದ್ದಾಗುತ್ತದೆ. ಹಾರಿಕಾ ಆಧಾರ್ ತಂದು ಅತ್ತೆಯ ಕೈಗೇ ಕೊಡುತ್ತಾಳೆ. ಪೀರಮ್ಮ ಅದರಲ್ಲಿನ ಫೋಟೊ ನೋಡುತ್ತಾರೆ, ಸೊಸೆಯ ಮುಖ ನೋಡುತ್ತಾರೆ. ಈಕಿ ಹೆಸರು ನನ್ನ ಹೆಸರಿನ ಕೆಳಗೇ ಬರ್ತೈತೇನು ಎಂದು ಕೇಳಿ, ಗಾದಿಲಿಂಗಮ್ಮನ ಮುಂದೆ ಚಾಚುತ್ತಾರೆ.

ಚಪ್ಪರದಾಚೆ ಬಿಸಿಲು ಬಿದ್ದಿದೆ. ಇನ್ನೊಂದು ಮದುವೆ ಮನೆಗೆ ಹೊರಟ ಗಾದಿಲಿಂಗಮ್ಮನನ್ನು ನಿಮ್ಮ ಆಸೆ ಏನು ಎಂದು ಕೇಳಿದೆ.

“ಈ ಕಾರ್ಡು ಟ್ರಂಕಿನ್ಯಾಗ ಸುಮ್ನ ಹಳೇದಾಗ್ಲಿರಿ. ಹಂಗೂ ಅಂಥ ದಿನ ಬಂತಂದ್ರ, ನಾ ಕಿಟಕಿ ಮುಂದ ಇರಬಾರದು. ಆಕಿ ಬೆನ್ನಿಗಿರಬೇಕು.”