ಚನ್ನವೀರನ ಭಾನುವಾರದ ಅಂಗಿ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನ ಹುಟ್ಟುಗುಣ ಅನುಮಾನ. ಹಾಲಿನವನು ಹಾಲು ಅಳೆಯುವಾಗ ಅವನ ಕೈಯನ್ನೇ ನೋಡುತ್ತಿರುತ್ತೇನೆ. ಹೀಗಿರುವಾಗ ಒಡಹುಟ್ಟಿದ ತಮ್ಮ ಪ್ರತಿ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರೆ ಸುಮ್ಮನಿರುತ್ತೇನೆಯೇ?

ಚನ್ನವೀರಯ್ಯ ಹುಟ್ಟು ಕಿವುಡ, ಮಾತೂ ಬರಲಿಲ್ಲ. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಗುಬ್ಬಿಗೆ ಬಂದು ಅವನ ಜೊತೆಗಿದ್ದೆ. ವಾರವೆಲ್ಲ ಮಂಡಿಯಲ್ಲಿ ತೆಂಗಿನಕಾಯಿ ಸುಲಿದು ಬಂದು ಉಂಡು ಮಲಗುತ್ತಿದ್ದ. ಬಾ, ಹೋಗು, ಊಟ, ಸ್ನಾನ, ಮಲಗು. ನಮ್ಮ ಮನೆಯ ಸನ್ನೆಗಳು ಇಷ್ಟೇ. ಇಷ್ಟರಲ್ಲೇ ಅವನ ಮನಸ್ಸೆಲ್ಲ ನನಗೆ ಗೊತ್ತು ಎಂದು ಬೀದಿಯವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ತೊಂಬತ್ತನಾಲ್ಕರಲ್ಲಿ ಈ ಭಾನುವಾರದ ತಿರುಗಾಟ ಶುರುವಾಯಿತು. ಎಲ್ಲಿಗೆ ಎಂದು ಕೈ ತಿರುಗಿಸಿ ಕೇಳಿದರೆ ನಗುತ್ತಿದ್ದ, ಅಷ್ಟೆ. ಸಂಜೆ ಬಂದು ಅಂಗಿಯನ್ನು ಮೊಳೆಗೆ ಸಿಕ್ಕಿಸಿ ಬಚ್ಚಲಿಗೆ ಹೋದಾಗ ನಾನು ಜೇಬು ಹುಡುಕುತ್ತಿದ್ದೆ. ಪ್ರತಿ ಸಲವೂ ಬಸ್ ಟಿಕೆಟ್ಟುಗಳು, ಒಂದೇ ಒಂದು ಶುಂಠಿ ಪೆಪ್ಪರಮೆಂಟು. ಟಿಕೆಟ್ಟುಗಳನ್ನು ಪಕ್ಕದ ಮನೆಯ ಕಂಡಕ್ಟರ್ ಅಡವಿಯಪ್ಪನಿಗೆ ತೋರಿಸಿದೆ.

"ಇದು ತುಮಕೂರಿಗೆ. ಇನ್ನೊಂದು ಅಲ್ಲಿಂದ ಕುಣಿಗಲ್ ಚಾರ್ಜು" ಅಂದ. "ಬುಡು ಕರಿಬಸಕ್ಕ, ಗಂಡಸು ಎಲ್ಲಾದ್ರೂ ಹೋಗ್ಲಿ."

ಗಂಡಸು ಎಂದದ್ದೇ ಸಾಕಾಯಿತು. ಕುಣಿಗಲ್ಲಿನಲ್ಲಿ ನಮಗೆ ನೆಂಟರಿಲ್ಲ, ಇಷ್ಟರಿಲ್ಲ. ಹಾಗಾದರೆ ಯಾವಳೋ ಇದ್ದಾಳೆ. ಪೆಪ್ಪರಮೆಂಟು ಅವಳೇ ಕೊಟ್ಟದ್ದು. ಆ ಸಿಟ್ಟಿಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನಾನೇ ತಿಂದುಬಿಡುತ್ತಿದ್ದೆ. ಅದು ಕಾಣೆಯಾದದ್ದನ್ನು ಅವನು ಒಂದು ದಿನವೂ ಕೇಳಲಿಲ್ಲ. ತಪ್ಪಿತಸ್ಥನಿಗೆ ಕೇಳುವ ಧೈರ್ಯವೆಲ್ಲಿ ಅಂದುಕೊಂಡೆ. ಒಂದು ಸಲ ಹಿಂಬಾಲಿಸಿಯೂ ಹೋದೆ. ತುಮಕೂರು ಬಸ್ ಸ್ಟ್ಯಾಂಡಿನ ಜನದಲ್ಲಿ ತಪ್ಪಿಸಿಕೊಂಡ.

ಹೀಗೆ ಹನ್ನೆರಡು ವರ್ಷ. ಎರಡು ಸಾವಿರದ ಆರರ ಬೇಸಿಗೆಯ ಒಂದು ಭಾನುವಾರ ಸಂಜೆ ಅಂಗಿ ಸಿಕ್ಕಿಸಿ ಬಚ್ಚಲಿಗೆ ಹೋದವನು ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಅಂಗಿ ಮೊಳೆಯಲ್ಲೇ ಉಳಿಯಿತು. ಸತ್ತವನ ಜೇಬಿಗೆ ಕೈ ಹಾಕಲು ನನ್ನಂಥವಳಿಗೂ ಮನಸ್ಸಾಗಲಿಲ್ಲ.

ಕರ್ಮಾಂತರ ಮುಗಿದರೂ ಅನುಮಾನ ಮುಗಿಯಲಿಲ್ಲ. ನಾನು ಸಾಕಿದ ತಮ್ಮ ನನಗಿಂತ ಯಾರನ್ನು ಹೆಚ್ಚು ಹಚ್ಚಿಕೊಂಡಿದ್ದ? ಅದೊಂದು ತಿಳಿಯದೆ ಅನ್ನ ಇಳಿಯುತ್ತಿರಲಿಲ್ಲ. ಮೂರು ವಾರ ಕಳೆದ ಮೇಲೆ ಕುಣಿಗಲ್ಲಿಗೆ ಹೊರಟೆ. ಅಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿನವನಿಗೆ, ಗುಬ್ಬಿಯಿಂದ ಬರುತ್ತಿದ್ದ ಕಿವುಡ ಗೊತ್ತೇ ಎಂದು ಕೇಳಿದೆ.

"ಆ ಮಾತಿನ ಮಲ್ಲನಾ? ಹಿಂದ್ಗಡೆ ಸೈಕಲ್ ಶಾಪಿಗೆ ಹೋಗಿ" ಅಂದ.

ಮಾತಿನ ಮಲ್ಲನಂತೆ. ಇವನೂ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಶಾಪಿನಲ್ಲಿ ಒಬ್ಬ ಹೆಂಗಸು ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದಳು. ಇವಳೇ ಅಂದುಕೊಂಡೆ. ಅಷ್ಟರಲ್ಲಿ ಅವಳ ಗಂಡ ಲಾಲ್ ಸಾಬ್ ಪಂಪು ಹಿಡಿದು ಒಳಗಿನಿಂದ ಬಂದ. ಅವನೂ ಕಿವುಡನೇ. ನನ್ನದೂ ತಮ್ಮನದೂ ಒಂದೇ ಮೂಗು. ಅದನ್ನು ನೋಡಿದವನೇ ಎದೆಯ ಜೇಬು ತಟ್ಟಿ, ಎರಡು ಬೆರಳಲ್ಲಿ ಏನೋ ಎತ್ತಿ, ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡಂತೆ ಮಾಡಿದ.

"ಏನಮ್ಮ ಹಂಗಂದ್ರೆ?" ಎಂದೆ.

"ಅದು ನೀವೇ ಕಣಕ್ಕ. ಚನ್ನವೀರಣ್ಣ ಸನ್ನೇಲಿ ನಿಮಗಿಟ್ಟಿರೋ ಹೆಸ್ರು" ಅಂದಳು ಆ ಹೆಂಗಸು, ತಾಜುನ್ನೀಸಾ. "ಭಾನುವಾರ ಇಲ್ಲಿ ಕಿವಿ ಕೇಳ್ದೋರು ನಾಲ್ಕೈದು ಜನ ಸೇರ್ತಾರೆ. ಅಣ್ಣ ಬಂದ್ರೆ ಕೈ ನಿಲ್ತಾನೇ ಇರ್ಲಿಲ್ಲ, ಎಲ್ಲಾರ್ನೂ ನಗ್ಸೋರು. ಹೋಗೋವಾಗ ಒಂದು ಪೆಪ್ಪರಮೆಂಟು ತಗೊಂಡು ಜೇಬಿಗೆ ಹಾಕ್ಕೊಳೋರು. ಅಕ್ಕಂಗೆ ಕೈಗೆ ಕೊಟ್ರೆ ಬೈತಾಳೆ, ಕದ್ದು ತಿಂದ್ರೇ ರುಚಿ ಅವಳಿಗೆ ಅಂತಿದ್ರು. ಟಿಕೆಟ್ಟೂ ನೀವು ನೋಡ್ಲಿ ಅಂತ್ಲೇ ಎಸೀತಿರ್ಲಿಲ್ಲ. ಮೂರು ವಾರ ಆಯ್ತು, ಯಾಕೆ ಬರ್ಲಿಲ್ಲ ಅಣ್ಣ?"

ಲಾಲ್ ಸಾಬ್ ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದ. ಸತ್ತ ಎನ್ನಲು ನನ್ನಲ್ಲಿ ಸನ್ನೆ ಇರಲಿಲ್ಲ. ಮಲಗು ಎಂಬ ನಮ್ಮ ಮನೆಯ ಸನ್ನೆ ಮಾಡಿ, ಏಳಲಿಲ್ಲ ಎಂದು ಕೈ ಆಡಿಸಿದೆ. ಅವನು ಪಂಪನ್ನು ಕೆಳಗಿಟ್ಟು ಅಲ್ಲೇ ಕೂತು ಅತ್ತ. ನನಗೆ ಅಲ್ಲಿ ಅಳು ಬರಲಿಲ್ಲ. ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ನಗಿಸುವ ತಮ್ಮನನ್ನು ನಾನು ಕಂಡೇ ಇರಲಿಲ್ಲ.

ಮನೆಗೆ ಬಂದವಳೇ ಮೊಳೆಯ ಮೇಲಿನ ಅಂಗಿಗೆ ಕೈ ಹಾಕಿದೆ. ಟಿಕೆಟ್ಟುಗಳಿದ್ದವು. ಪೆಪ್ಪರಮೆಂಟು ಸೆಕೆಗೆ ಕರಗಿ ಬಟ್ಟೆಗೆ ಅಂಟಿಕೊಂಡಿತ್ತು. ಬಿಡಿಸಿಕೊಂಡೆ. ಈ ಸಲ ಬಾಗಿಲು ಮುಂದೆ ಮಾಡಲಿಲ್ಲ. ಜಗುಲಿಯಲ್ಲಿ ಹೋಗಿಬರುವವರ ಎದುರಿಗೇ ಕೂತು, ಅಳುತ್ತಾ ತಿಂದೆ.