ಸೈಟಿನ ಕಲ್ಲಿಗೆ ಅರಿಶಿನ ಕುಂಕುಮ

ನಾನು ಚಿಕ್ಕವಳಿದ್ದಾಗ, ಎಂಟು ವರ್ಷವೋ ಒಂಬತ್ತೋ, ಈಗ ನಾವಿರುವ ಈ ಬೀದಿ ಇರಲೇ ಇಲ್ಲ. ಜಗಳೂರು ಬಸ್ ಸ್ಟ್ಯಾಂಡಿನಿಂದ ಹೊರಟು ಹಳೇ ಊರು ಮುಗಿಯಿತು ಎಂದರೆ ಆಮೇಲೆ ಬರೀ ಶೇಂಗಾ ಹೊಲ, ಜಾಲಿ ಗಿಡ, ಗಾಳಿ. ಅಂಥ ಒಂದು ಹೊಲವನ್ನು ಸಾಹುಕಾರರೊಬ್ಬರು ಕೊಂಡು, ಟ್ರ್ಯಾಕ್ಟರ್ ಹೊಡೆಸಿ ಮಟ್ಟ ಮಾಡಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ, ಮೂಲೆ ಮೂಲೆಗೆ ಕಲ್ಲು ನೆಡಿಸಿದರು. ಕಲ್ಲಿಗೆ ಬಿಳಿ ಸುಣ್ಣ, ಅದರ ಮೇಲೆ ಕೆಂಪು ಬಣ್ಣದಲ್ಲಿ ನಂಬರು. ನಮ್ಮೂರಿನ ಬಾಯಿಗೆ 'ಸೈಟು' ಎಂಬ ಮಾತು ಬಂದದ್ದೇ ಆಗ. ಎಕರೆ, ಗುಂಟೆ ಎಂದು ಮಾತಾಡುತ್ತಿದ್ದ ಜನ ಅಡಿ ಲೆಕ್ಕದಲ್ಲಿ ಭೂಮಿ ಅಳೆಯುವುದನ್ನು ನಿಂತು ನೋಡಿ, ನಕ್ಕು, ಮನೆಗೆ ಹೋಗುತ್ತಿದ್ದರು.

ನಗದೆ ಸೈಟು ಕೊಂಡವನು ನಮ್ಮ ಅಪ್ಪ ಒಬ್ಬನೇ. ಅಪ್ಪ ಹಳೇ ಊರಿನ ಕಿರಾಣಿ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸದಲ್ಲಿದ್ದ. ಬೇರೆಯವರ ತಕ್ಕಡಿ ಹಿಡಿದು ಹಿಡಿದು ಅವನಿಗೆ ಸಾಕಾಗಿತ್ತು. ಮುಂದಿನ ಕೋಣೆಯಲ್ಲಿ ಸ್ವಂತ ಅಂಗಡಿ, ಹಿಂದೆ ನಾವು, ಹೀಗೆ ಒಂದು ಮನೆ ಕಟ್ಟಿಸಿದ. ಸುತ್ತ ಮನೆಗಳು ಏಳುತ್ತವೆ, ಎಲ್ಲರಿಗೂ ಉಪ್ಪು, ಬೆಲ್ಲ, ಬೆಂಕಿಪೊಟ್ಟಣ ನಾವೇ ಕೊಡುತ್ತೇವೆ ಎಂಬುದು ಅವನ ಆಸೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಯಲು ತೋರಿಸುತ್ತಿದ್ದ. "ಅಗಾ ನೋಡು, ಆ ಕಲ್ಲಿನಿಂದ ಈ ಕಲ್ಲಿನ ತನ ಒಂದು ಮನೆ. ಅದರಾಚೆ ಇನ್ನೊಂದು ಮನೆ. ಅಲ್ಲಿ ನಿನ್ನ ವಾರಿಗೆ ಹುಡುಗ್ಯಾರು ಬರ್ತಾರೆ." ನಾನು ನೋಡಿದರೆ ಕಲ್ಲೇ ಕಾಣುತ್ತಿತ್ತು. ಆದರೆ ಅಪ್ಪ ಹೇಳಿದ್ದಾನೆ ಎಂದರೆ ಅದು ಮನೆಯೇ.

ಹಳೇ ಊರಿನಲ್ಲಿ ನಾವಿದ್ದದ್ದು ಸಾಲುಮನೆ. ನಮ್ಮ ಗೋಡೆಯೇ ಪಕ್ಕದವರ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು. ಅಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಯಲ್ಲಿ ಕಾರ್ಯವಾದರೂ ಆ ಮನೆಯ ಹುಡುಗಿ ಕುಂಕುಮದ ಭರಣಿ, ಅಕ್ಷತೆ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ಕರೆದು ಬರಬೇಕು. ಮನೆಗೆ ಬೀಗ ಹಾಕಿದ್ದರೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಬರಬೇಕು. ಬಂದವರು ನೋಡಿ, ನಮ್ಮನ್ನು ಕರೆದು ಹೋಗಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದರು. ಒಂದು ಮನೆ ಬಿಟ್ಟುಹೋದರೂ ವರ್ಷಗಟ್ಟಲೆ ಮುನಿಸು. ನಮ್ಮ ಮನೆಯಲ್ಲಿ ಆ ಕೆಲಸ ಮೊದಲು ಅಕ್ಕನದು. ಅಕ್ಕ ದೊಡ್ಡವಳಾದ ಮೇಲೆ ನನ್ನದು. ಒಂದು ಮನೆಯನ್ನೂ ನಾನು ಬಿಟ್ಟವಳಲ್ಲ, ಆ ಜಂಬ ನನಗೆ ಬಹಳವಿತ್ತು.

ಗೃಹಪ್ರವೇಶದ ದಿನ ಬಂತು. ಬೆಳಗಿನ ಜಾವವೇ ಹಸುವನ್ನು ಒಳಗೆ ಕರೆತಂದು, ಹಾಲು ಉಕ್ಕಿಸಿ ಆಗಿತ್ತು. ಹೊಸ ಸುಣ್ಣದ ವಾಸನೆ, ಅದರ ಮೇಲೆ ಹೋಮದ ಹೊಗೆ, ಹಿತ್ತಲಿನಲ್ಲಿ ಕುದಿಯುತ್ತಿದ್ದ ಗೋಧಿ ಪಾಯಸದ ಬೆಲ್ಲದ ಪರಿಮಳ. ಕೆಂಪು ಗಾರೆ ನೆಲ ಎಷ್ಟು ತಣ್ಣಗಿತ್ತೆಂದರೆ ನಾನು ಎರಡು ಸಲ ಅಂಗಾತ ಮಲಗಿ ಎರಡು ಸಲವೂ ಬೈಸಿಕೊಂಡೆ. ಅಂಗಡಿಯ ಕೋಣೆಯಲ್ಲಿ ಹೊಸ ತಕ್ಕಡಿ ತೂಗುಹಾಕಿ ಅದಕ್ಕೆ ಚೆಂಡುಹೂವು ಕಟ್ಟಿದ್ದರು. ಅವತ್ತಿನ ದೊಡ್ಡ ಸಂಗತಿ ಮಧ್ಯಾಹ್ನಕ್ಕಿತ್ತು. ಸಾಹುಕಾರರು ದಾವಣಗೆರೆ, ಸೊಕ್ಕೆ ಕಡೆಯಿಂದ ಸೈಟು ಕೊಳ್ಳುವವರನ್ನು ಟೆಂಪೋ ತುಂಬ ಕರೆತರುವವರಿದ್ದರು. ಮನೆಯೊಂದು ಎದ್ದು ನಿಂತದ್ದನ್ನು ಕಣ್ಣಾರೆ ನೋಡಿ, ಉಂಡು, ಸೈಟು ಹಿಡಿದು ಹೋಗಲಿ ಎಂದು ಅಪ್ಪನೂ ಸಾಹುಕಾರರೂ ಸೇರಿ ಹೂಡಿದ ಉಪಾಯ. ಅಪ್ಪ ಬೆಳಗಿನಿಂದ ಹತ್ತು ಸಲ ರಸ್ತೆಗೆ ಹೋಗಿ ಬಂದಿದ್ದ.

ಅವ್ವ ಒಲೆಯ ಮುಂದೆ ಬೆವರುತ್ತ, ನನ್ನ ಮುಖವನ್ನೂ ನೋಡದೆ ಕೇಳಿದಳು, "ಅಕ್ಕಪಕ್ಕದೋರನ್ನ ಕರೆದು ಬಂದ್ಯೇನೇ?" ಹಳೇ ಊರಿನ ರೂಢಿ, ಬಾಯಿಗೆ ಬಂದುಬಿಟ್ಟಿತ್ತು. ಇಲ್ಲಿ ಅಕ್ಕಪಕ್ಕ ಯಾರೂ ಇಲ್ಲ ಎಂಬುದು ಅವಳಿಗೇ ನೆನಪಿರಲಿಕ್ಕಿಲ್ಲ. ನಾನು ಮಾತ್ರ ಅದನ್ನು ನಿಜವೆಂದೇ ಹಿಡಿದೆ. ಇಷ್ಟು ದೊಡ್ಡ ಕೆಲಸ ಮರೆತೇಬಿಟ್ಟಿದ್ದೆನಲ್ಲ.

ಭರಣಿ ತೆಗೆದುಕೊಂಡೆ. ಅಕ್ಷತೆ, ಎಲೆ ಅಡಿಕೆ ಲಂಗದ ಮಡಿಲಿಗೆ ಹಾಕಿಕೊಂಡೆ. ತಾಂಬೂಲದಲ್ಲಿ ಹಣ್ಣು ಇರಬೇಕಲ್ಲ. ಬಾಳೆಗೊನೆಯ ಹತ್ತಿರ ಅಕ್ಕ ಕಾವಲು ಕೂತಿದ್ದಳು, ಅವಳ ಕಣ್ಣು ತಪ್ಪಿಸುವುದು ನನ್ನಿಂದಾಗದ ಮಾತು. ಚಿತ್ರಾನ್ನಕ್ಕೆ ತಂದ ನಿಂಬೆಹಣ್ಣಿನ ಬುಟ್ಟಿ ಬಾಗಿಲಲ್ಲೇ ಇತ್ತು. ಬುಟ್ಟಿಗೆ ಕೈಹಾಕಿ, ಮಡಿಲು ಹಿಡಿಸುವಷ್ಟು ತುಂಬಿಕೊಂಡೆ.

ನಗಬೇಡಿ, ಪೂರ್ತಿ ಕೇಳಿ. ಒಂದೊಂದು ಸೈಟಿನ ನಂಬರಿನ ಕಲ್ಲಿಗೂ ಹೋಗಿ ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಅಕ್ಷತೆ ಹಾಕಿದೆ, ಬುಡದಲ್ಲಿ ಎಲೆ ಅಡಿಕೆ, ನಿಂಬೆಹಣ್ಣು ಇಟ್ಟೆ. "ಅವ್ವ ಕರದಾಳೆ, ಎಲ್ಲಾರೂ ಬರಬೇಕಂತೆ" ಎಂದು ಕಲ್ಲಿಗೆ ಬಾಯಿಬಿಟ್ಟು ಹೇಳಿದೆ. ಅಪ್ಪನ ಕಣ್ಣು ರಸ್ತೆಯ ಮೇಲೆ, ಉಳಿದವರದು ಅಡುಗೆಯ ಮೇಲೆ, ನನ್ನ ಕಡೆ ಯಾರ ಗಮನವೂ ಇರಲಿಲ್ಲ. ಎರಡು ಸಾಲು ಮುಗಿಸುವಷ್ಟರಲ್ಲಿ ಬಿಸಿಲೇರಿ, ಕಾಲು ಸುಡುತ್ತಿತ್ತು. ಅಲ್ಲೇ ಜಾಲಿಗಿಡದ ನೆರಳಿನಲ್ಲಿ ಕುರಿ ಕಾಯುವ ಅಜ್ಜ ಕೂತಿದ್ದ. ಆ ಹೊಲ ಹೊಲವಾಗಿದ್ದಾಗಿನಿಂದಲೂ ಸುಗ್ಗಿ ಮುಗಿದ ಮೇಲೆ ಅವನ ಕುರಿ ಅಲ್ಲೇ ಮೇಯುತ್ತಿದ್ದವು. ಮನೆ ಕಟ್ಟುವಾಗ ಅಪ್ಪನ ಜೊತೆ ಬರುತ್ತಿದ್ದ ನನಗೆ ದಿನಾ ಮಾತಿಗೆ ಸಿಗುತ್ತಿದ್ದವನು ಅವನೊಬ್ಬನೇ. ಕುರಿಮರಿಯನ್ನು ನನ್ನ ತೊಡೆಯ ಮೇಲೆ ಕೂರಿಸುತ್ತಿದ್ದ.

"ಕಲ್ಲಿಗೆಲ್ಲ ಯಾಕವ್ವ ಹಚ್ಚಾಕತ್ತೀ?" ಎಂದು ಕೇಳಿದ.

"ಮನೆಯೋರು ಇನ್ನೂ ಬಂದಿಲ್ಲಲ್ಲ ಅಜ್ಜ. ಬಂದ ಮ್ಯಾಲೆ ನೋಡ್ತಾರೆ."

ಅಜ್ಜ ನಕ್ಕ. ಹಲ್ಲಿಲ್ಲದ ನಗು, ಸದ್ದೇ ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ನಾನು ಅವನ ಕೈಗೂ ಅಕ್ಷತೆ ಹಾಕಿ ಊಟಕ್ಕೆ ಕರೆದೆ. "ಹಂಗಾದ್ರೆ ನನಗೂ ಒಂದು ಎಲೆ ಹಾಕಾಕೆ ಹೇಳು, ಮುಖ ತೊಳ್ಕೊಂಡು ಬರ್ತೀನಿ" ಎಂದ.

ಮಧ್ಯಾಹ್ನ ಟೆಂಪೋ ಬಂತು. ಧೂಳು ಅಡಗುವ ಮೊದಲೇ ಜನ ಇಳಿದರು, ಗಂಡಸರು, ಜರಿಸೀರೆಯ ಹೆಂಗಸರು. ಸಾಹುಕಾರರು ಕೈಚಾಚಿ ತೋರಿಸುತ್ತ ಮುಂದೆ ನಡೆದರು, ಅವರ ಹಿಂದೆ ಅಪ್ಪ. ಒಳಗೆ ಉದ್ದಕ್ಕೆ ಬಾಳೆಲೆ ಹಾಕಿ, ಉಪ್ಪು, ಉಪ್ಪಿನಕಾಯಿ ಬಡಿಸಿಟ್ಟಿದ್ದರು. ನಾನು ಕಂಬ ಹಿಡಿದುಕೊಂಡು ನಿಂತು, ಇವರಲ್ಲಿ ಯಾರು ಯಾವ ಕಲ್ಲಿನ ಮನೆಯವರು ಎಂದು ಲೆಕ್ಕ ಹಾಕುತ್ತಿದ್ದೆ.

ಮೊದಲ ಸೈಟಿಗೆ ಕಾಲಿಡಹೋದ ಹೆಂಗಸೊಬ್ಬಳು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. "ಏ, ಯಾರೂ ದಾಟಬ್ಯಾಡ್ರಿ. ಇಲ್ಲಿ ಏನೋ ಮಾಡಿಸ್ಯಾರೆ" ಎಂದಳು. ಅವಳ ಗಂಡ ಪಕ್ಕದ ಕಲ್ಲು ನೋಡಿದ. ಅಲ್ಲಿಯೂ ನಿಂಬೆಹಣ್ಣು, ಅಲ್ಲಿಯೂ ಕುಂಕುಮ. ಇನ್ನೊಬ್ಬರು ಅದರಾಚೆಯ ಕಲ್ಲು ನೋಡಿದರು. ನೋಡುತ್ತ ನೋಡುತ್ತ ಎಲ್ಲರೂ ಟೆಂಪೋ ಕಡೆಗೆ ಸರಿದರು. ಯಾರೋ ಹುಡುಗಾಟ ಮಾಡಿರಬೇಕು ಎಂದು ಸಾಹುಕಾರರು ಕೈಮುಗಿದು ಹೇಳಿದರು. ಊಟ ಮಾಡಿಯಾದರೂ ಹೋಗಿ ಎಂದು ಅಪ್ಪ ಬೇಡಿಕೊಂಡ. ನಮ್ಮ ಮನೆಯ ನೀರನ್ನೂ ಅವರು ಮುಟ್ಟಲಿಲ್ಲ. ಬಡಿಸಿದ ಎಲೆಗಳು ಹಾಗೇ ಉಳಿದವು, ಗಾಳಿಗೆ ಅಂಚು ಒಣಗಿ ಮುದುರತೊಡಗಿದವು. ನೆಂಟರು ನಾಲ್ಕು ಜನ ಉಂಡರು.

ನಾನು ಮಾಡಿದ್ದು ಏನು ಎಂದು ಆಗಷ್ಟೇ ನನಗೆ ಗೊತ್ತಾಯಿತು. ಬಲಗೈ ಹೆಬ್ಬೆರಳು ಇನ್ನೂ ಕೆಂಪಗಿತ್ತು. ಅದನ್ನು ಲಂಗದೊಳಗೆ ಮುಚ್ಚಿಕೊಂಡೆ.

ಸಾಹುಕಾರರು ಸಿಟ್ಟಿನಿಂದ ಕುದಿಯುತ್ತಿದ್ದರು. "ಇಲ್ಲಿಗೆ ಯಾರ್ಯಾರು ಬರ್ತಾರಪ್ಪ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಯೋಚಿಸಿ, ಕುರಿ ಕಾಯುವವನನ್ನು ಬಿಟ್ಟರೆ ಯಾರೂ ಬರುವುದಿಲ್ಲ ಎಂದ. ಅವನು ಇದ್ದದ್ದನ್ನು ಹೇಳಿದ, ಅಷ್ಟೇ. ಆದರೆ ಹೇಳಿದ ಮೇಲೆ ಎಲ್ಲರಿಗೂ ಒಂದೇ ಯೋಚನೆ ಬಂತು: ಮೇವು ಹೋಯಿತಲ್ಲ, ಆ ಹೊಟ್ಟೆಕಿಚ್ಚು.

ಅದೇ ಹೊತ್ತಿಗೆ ಅಜ್ಜ ಬಂದ. ಮುಖ ತೊಳೆದು, ಒಗೆದ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿಕೊಂಡು ಊಟಕ್ಕೆ ಬಂದಿದ್ದ. ಬಾಗಿಲಲ್ಲೇ ಸಾಹುಕಾರರು ಅವನನ್ನು ತಡೆದರು. "ನೀನೇ ಅಲ್ಲೇನೋ ಈ ಕೆಲಸ ಮಾಡಿದೋನು?"

ಅಜ್ಜನಿಗೆ ಮೊದಲು ತಿಳಿಯಲಿಲ್ಲ. ಕಲ್ಲು, ಕುಂಕುಮ, ನಿಂಬೆಹಣ್ಣು ಎಂದು ಅವರು ಕೂಗಿದ ಮೇಲೆ ತಿಳಿಯಿತು. ಅವನ ಕಣ್ಣು ಮನೆಯೊಳಗೆಲ್ಲ ಓಡಿ, ಕಂಬದ ಹಿಂದಿದ್ದ ನನ್ನ ಮೇಲೆ ನಿಂತಿತು. ನಾನು ತಲೆ ಅಲ್ಲಾಡಿಸಿದೆ. ಹೇಳಬೇಡ ಎಂದೆನೋ, ನಾನಲ್ಲ ಎಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಹೊಡೆಯುತ್ತಾನೆ ಎಂಬ ಭಯವಲ್ಲ ಅದು, ಅಪ್ಪ ಅತ್ತುಬಿಡುತ್ತಾನೆ ಎಂಬ ಭಯ. ಅವನ ಮುಖ ಅಷ್ಟೊಂದು ಸಣ್ಣದಾಗಿತ್ತು.

"ನನಗೇನೂ ಗೊತ್ತಿಲ್ಲ ಧಣಿ," ಎಂದ ಅಜ್ಜ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಇನ್ ಮ್ಯಾಲೆ ಈ ಕಡೆ ಬರಲ್ಲ ಬಿಡ್ರಿ" ಎಂದ. ಯಾರೂ ಅವನಿಗೆ ಒಳಗೆ ಬಾ ಎನ್ನಲಿಲ್ಲ. ಕರೆದಿದ್ದವಳು ನಾನು, ನಾನೂ ಎನ್ನಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಹಸಿದ ಹೊಟ್ಟೆಯಲ್ಲೇ ಹೋದ. ಮತ್ತೆ ಆ ಕಡೆ ಬರಲೇ ಇಲ್ಲ.

ಚಿತ್ರಾನ್ನಕ್ಕೆ ಹುಳಿ ಸಾಲದು ಎಂದು ಅಕ್ಕ ಗೊಣಗಿದಳು. ಅಡುಗೆಗೆ ಬಂದವರು ನಿಂಬೆಹಣ್ಣು ತಮ್ಮ ಮನೆಗೆ ಹೊತ್ತಿರಬೇಕು ಎಂದಳು ಅವ್ವ. ಅಲ್ಲಿಗೆ ಅದೂ ಮುಗಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾತು ಬಸ್ಸು ಹತ್ತಿ ಊರೂರಿಗೆ ಹೋಯಿತು. ಆ ಲೇಔಟಿಗೆ ವರ್ಷಗಟ್ಟಲೆ ಒಬ್ಬರೂ ಬರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದು, ಭರಣಿಗಳನ್ನು ಒರೆಸಿ, ಬಾಗಿಲಲ್ಲಿ ಕೂರುತ್ತಿದ್ದ. ಪಕ್ಕದಲ್ಲಿ ನಾನು. ಅಕ್ಕನಿಗೆ ಅವ್ವನ ಜೊತೆ ಮನೆಗೆಲಸ, ನನಗೆ ಜೊತೆ ಯಾರೂ ಇಲ್ಲ. ಶಾಲೆಯ ಗೆಳತಿಯರನ್ನು ಅವರ ಅವ್ವಂದಿರು ಈ ಕಡೆ ಬಿಡುತ್ತಿರಲಿಲ್ಲ. ಕಲ್ಲುಗಳ ನಡುವೆ ಒಬ್ಬಳೇ ಮನೆಯಾಟ ಆಡುತ್ತಿದ್ದೆ, ಇದು ಅಡುಗೆಮನೆ, ಇದು ಪಡಸಾಲೆ ಎಂದು. ಬಾಗಿಲು ತಟ್ಟುವವಳೂ ನಾನೇ, ತೆಗೆಯುವವಳೂ ನಾನೇ. ಸಂಜೆ ದಾವಣಗೆರೆ ಬಸ್ಸು ನಿಲ್ಲದೆ ಹೋಗುವುದನ್ನು ನೋಡಿ ಅಪ್ಪ ಹೇಳುತ್ತಿದ್ದ, "ಆ ಕುರಿಯವನೇ ಮಾಡಿದ್ನೋ, ಬ್ಯಾರೆ ಯಾರೋ, ನಮಗ್ಯಾಕೆ ಕೆಡುಕು ಮಾಡಬೇಕಿತ್ತೋ." ಪ್ರತಿ ಸಲವೂ ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದೆ. ಆದರೆ ಎದ್ದು ಹೋಗಿ, ಒರೆಸಿದ ಭರಣಿಯನ್ನೇ ಮತ್ತೆ ಒರೆಸುತ್ತಿದ್ದೆ. ಪಕ್ಕದಲ್ಲೇ ಅಪ್ಪ ಇದ್ದರೂ ಅಷ್ಟು ಒಂಟಿಯಾಗಿ ನಾನು ಆಮೇಲೆ ಯಾವತ್ತೂ ಇರಲಿಲ್ಲ. ಮೂರನೆಯ ವರ್ಷ ಅಪ್ಪ ಹಲಗೆ ಹಾಕಿ, ಹಳೇ ಊರಿನ ಅಂಗಡಿಗೆ ಮತ್ತೆ ಪೊಟ್ಟಣ ಕಟ್ಟಲು ಹೋದ. ಕೊನೆಯವರೆಗೂ ಅದೇ ಕೆಲಸ ಮಾಡಿದ.

ಅಕ್ಕ ಮದುವೆಯಾಗಿ ಚನ್ನಗಿರಿಗೆ ಹೋದಳು, ಮನೆ ನನ್ನ ಪಾಲಿಗೆ ಬಂತು. ಅದನ್ನು ಕೆಡವಿ ನನ್ನ ಮಗ, ನಿಮ್ಮಪ್ಪ, ಮೂರು ಅಂತಸ್ತು ಎಬ್ಬಿಸಿದ್ದಾನೆ. ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಎದುರಿಗೆ ಕಾಂಪ್ಲೆಕ್ಸು, ಅದರಾಚೆ ಎರಡು ಹೊಸ ಲೇಔಟು. ಸೈಟು ಎಂದರೆ ಜನ ಮುಗಿಬೀಳುತ್ತಾರೆ. ಅಂಗಡಿ ಅಂಗಡಿಗೂ ಕ್ಯಾಮರಾ, ಬೀದಿಯ ಕಂಬಕ್ಕೂ ಕ್ಯಾಮರಾ. ಹೋದ ವಾರ ನಿಮ್ಮ ಚೆಂಡು ಮೆಡಿಕಲ್ ಶಾಪಿನ ಗಾಜು ಒಡೆದದ್ದು ಅರ್ಧ ಗಂಟೆಯಲ್ಲಿ ಮನೆಗೆ ತಿಳಿಯಿತು. ನಿಮ್ಮಪ್ಪ ಬೈದ, ನೀವಿಬ್ಬರೂ ಅತ್ತಿರಿ, ಅಂಗಡಿಯವರ ಮುಂದೆ ತಪ್ಪಾಯಿತು ಅಂದಿರಿ. ಸಂಜೆಗೆ ಅವರೇ ಕೊಟ್ಟ ಚಾಕೊಲೇಟು ತಿನ್ನುತ್ತ, ಈ ಹಾಳು ಕ್ಯಾಮರಾ ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ಲವೇ ಅಜ್ಜಿ ಎಂದು ನನ್ನನ್ನು ಕೇಳಿದಿರಿ. ಅದಕ್ಕೆ ನನ್ನ ಉತ್ತರ ಇದು.

ನನ್ನ ತಪ್ಪನ್ನು ಯಾವ ಕ್ಯಾಮರಾವೂ ನೋಡಲಿಲ್ಲ ಮಕ್ಕಳೇ. ನೋಡಿದ ಒಬ್ಬನೇ ಒಬ್ಬ ಮನುಷ್ಯ ಬಾಯಿ ಬಿಡಲಿಲ್ಲ. ಬೈಯಬೇಕಾಗಿದ್ದ ಅಪ್ಪ ಬೈಯದೆಯೇ ಹೋಗಿಬಿಟ್ಟ, ಅವ್ವ ಹೋದಳು, ಅಕ್ಕನೂ ಹೋದಳು. ಮದುವೆಯಾದ ಮೇಲೆ ಧೈರ್ಯ ಮಾಡಿ ಆ ಅಜ್ಜನ ಊರು ಹುಡುಕಿಕೊಂಡು ಹೋಗಿದ್ದೆ, ಅವನು ತೀರಿಕೊಂಡು ಅದಾಗಲೇ ಎಷ್ಟೋ ವರ್ಷವಾಗಿತ್ತು. ಇದನ್ನೆಲ್ಲ ನಾನು ಹೇಳಿರುವುದು ನಿಮಗೆ ಮಾತ್ರ. ಈಗ ನನ್ನನ್ನು ಬೈಯಲು ಉಳಿದಿರುವವರು ನೀವಿಬ್ಬರೇ. ಅಜ್ಜಿ ಎಂದು ನೋಡಬೇಡಿ, ಬೈದುಬಿಡಿ.